ಶೇಂಗಾನ ಉಪವಾಸ

"ದುಡ್ಡು ಕೊಟ್ಟು ಹಲ್ಲಿ ತಂದೆಯಾ?"

ಬಸ್ಯಾ ಚಹಾದ ಕಪ್ಪು ಕೆಳಗಿಟ್ಟು ಕೇಳಿದ. ಅವನು ಕಪ್ಪು ಕೆಳಗಿಟ್ಟನೆಂದರೆ ವಿಷಯ ಗಂಭೀರ ಎಂದೇ ಅರ್ಥ. "ನಮ್ಮ ಅಡುಗೆಮನೆಯ ಟ್ಯೂಬ್‌ಲೈಟ್ ಹಿಂದೆ ಐದು ಇವೆ. ಒಂದು ಮಾತು ಹೇಳಿದ್ದರೆ ಬಿಟ್ಟಿ ಕೊಡುತ್ತಿದ್ದೆ. ಆಟೋ ಖರ್ಚೂ ನನ್ನದೇ."

ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿ. ಬೇರೆ ಊರಿನವರು ತಪ್ಪು ತಿಳಿಯಬಾರದು, ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅಂದರೆ ಎಸಿ ಅಂಗಡಿಯಲ್ಲ, ಒಂದು ಏರಿಯಾ. ಮೇ ತಿಂಗಳು, ಸಂಜೆ ಆರು ಗಂಟೆ, ಬೆಂಚು ಇನ್ನೂ ರೊಟ್ಟಿ ಹೆಂಚಿನ ಹಾಗೆ ಕಾದಿತ್ತು.

"ಸುಮ್ನೆ ಹಲ್ಲಿ ಅಲ್ಲ ಮಾರಾಯ, ಲೆಪರ್ಡ್ ಗೆಕ್ಕೊ. ಹಳದಿ ಮೈ, ಕಪ್ಪು ಚುಕ್ಕೆ. ಮಗ ಒಂದು ವರ್ಷದಿಂದ ಗಂಟು ಬಿದ್ದಿದ್ದ."

"ಎಲ್ಲಿ ಹಿಡಿದಿರಿ?" ಅಂದರು ಮಾಸ್ತರು. ರಿಟೈರ್ ಆದರೂ ದನಿಯಲ್ಲಿ ಇನ್ನೂ ಬೆತ್ತ ಇದೆ.

"ಹಿಡಿದಿಲ್ಲ ಸರ್. ಕಾಡಿನ ಪ್ರಾಣಿ ಹಿಡಿದು ತಂದು ಸಾಕಿದರೆ ಜೈಲೇ. ಇದು ಸಾಕಿದವರ ಮನೆಯಲ್ಲೇ ಮೊಟ್ಟೆಯೊಡೆದು ಬಂದದ್ದು. ರಸೀದಿ ಇದೆ."

"ಪಂಚಾಂಗದಲ್ಲಿ ಹಲ್ಲಿ ಬಿದ್ದರೆ ಏನು ಫಲ ಅಂತ ಪಟ್ಟಿಯೇ ಇರುತ್ತದೆ. ತಲೆ ಮೇಲೆ ಒಂದು ಫಲ, ಭುಜದ ಮೇಲೆ ಒಂದು. ಇದು ಬಿದ್ದರೆ?"

"ಇದು ಬೀಳುವುದೇ ಇಲ್ಲ ಸರ್. ಕಾಲಿನಲ್ಲಿ ಅಂಟು ಇಲ್ಲ, ಬರೀ ಉಗುರು. ಗೋಡೆ ಹತ್ತಿದರೆ ತಾನೆ ಬೀಳೋದು?"

ಮಾಸ್ತರಿಗೆ ನಿರಾಸೆಯಾಯಿತು. ಗೋಡೆ ಹತ್ತದ ಹಲ್ಲಿ, ಫಲ ಕೊಡದ ಹಲ್ಲಿ. ಮತ್ತೇನಕ್ಕೆ?

"ಕಣ್ಣು ಮುಚ್ಚುತ್ತದೆ," ಅಂದೆ. ಮನೆ ಹಲ್ಲಿಗೆ ರೆಪ್ಪೆ ಇಲ್ಲ. ಅದು ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಇದಕ್ಕೆ ರೆಪ್ಪೆ ಇದೆ. ಬಂದ ದಿನವೇ ಪಕ್ಕದ ಮನೆಯ ಕಾಕು ನೋಡಲು ಬಂದಾಗ ಒಂದು ಕಣ್ಣು ಮುಚ್ಚಿ ತೆರೆಯಿತು. ಕಾಕು ಸೆರಗು ಹೊದ್ದುಕೊಂಡು ಹೊರಗೆ ಹೋದವರು ಇವತ್ತಿನವರೆಗೂ ಬಂದಿಲ್ಲ.

"ಹೆಸರು?" ಪಾಷಾ ಕೇಳಿದ.

"ಶೇಂಗಾ. ಬಾಲ ನೋಡಿ ಮಗ ಇಟ್ಟದ್ದು. ದಪ್ಪಗೆ, ನಡುವೆ ನಡುವೆ ಗೆರೆ, ಥೇಟ್ ಶೇಂಗಾಕಾಯಿ. ಆದರೆ ಒಂದು ಸಮಸ್ಯೆ. ಬಂದು ಆರು ದಿನ ಆಯಿತು, ಏನೂ ತಿಂದಿಲ್ಲ."

ಮೂವರೂ ಮುಂದಕ್ಕೆ ಬಾಗಿದರು. ನಮ್ಮ ಊರಿನಲ್ಲಿ ಯಾರಾದರೂ ತಿಂದಿಲ್ಲ ಅಂದರೆ ಸಾಕು, ಜಗಳವಾಡಿದವರೂ ಬಂದು ಸೇರುತ್ತಾರೆ.

"ಏನು ಹಾಕುತ್ತೀರಿ?"

"ಹುಳ. ಮೀಲ್‌ವರ್ಮ್ ಅಂತಾರೆ. ಗೋಧಿ ಬೂಸಾದಲ್ಲಿ ಇಟ್ಟು, ಒಂದು ತುಂಡು ಗಜ್ಜರಿ ಹಾಕಿ ಸಾಕಬೇಕು. ಅದರ ಎರಡು ಕಣ್ಣಿನ ನಡುವೆ ಎಷ್ಟು ಜಾಗ ಇದೆಯೋ, ಹುಳ ಅದಕ್ಕಿಂತ ದಪ್ಪ ಇರಬಾರದು. ಮೇಲೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು, ಮಿರ್ಚಿಗೆ ಹಿಟ್ಟು ಹಚ್ಚಿದ ಹಾಗೆ. ಇಲ್ಲದಿದ್ದರೆ ಎಲುಬು ಮೆತ್ತಗಾಗುತ್ತದೆ."

"ವೈನಿ ಏನಂದರು?"

ಏನಂದಳು ಅಂತ ಪೂರ್ತಿ ಬರೆಯಲು ಆಗುವುದಿಲ್ಲ. ಸಾರಾಂಶ ಇಷ್ಟು: "ಜೋಳದ ಹಿಟ್ಟಿನಲ್ಲಿ ಒಂದು ಹುಳ ಕಂಡರೆ ಇಡೀ ಡಬ್ಬಿ ಬಿಸಿಲಿಗೆ ಹಾಕಿ ಮೂರು ಸಲ ಜರಡಿ ಹಿಡಿಯುವವಳು ನಾನು. ನೀವು ರೊಕ್ಕ ಕೊಟ್ಟು ಹುಳ ತಂದು ಅದಕ್ಕೆ ಗಜ್ಜರಿ ತಿನ್ನಿಸುತ್ತೀರಾ?"

ಪಾಷಾಗೆ ಬೇರೆ ಅನುಮಾನ. "ಅಣ್ಣಾ, ಅದು ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಪ್ರಾಣಿ ಅಲ್ವಾ? ಒಣ ನಾಡಿನದು. ಮರಳು ಬೇಕೇನೋ. ಭೀಮಾ ನದಿದು ಒಂದು ಬುಟ್ಟಿ ತರಿಸಲಾ?"

"ಈಗಿನ ರೇಟಿಗೆ ಹಲ್ಲಿಗಿಂತ ಮರಳೇ ತುಟ್ಟಿ," ಅಂದ ಬಸ್ಯಾ.

ಮರಳು ಬೇಡ ಅಂದೆ. ಅದು ಇರುವುದು ಕಲ್ಲು, ಗಟ್ಟಿ ನೆಲದ ಕಡೆ, ಮರಳು ದಿಬ್ಬದಲ್ಲಲ್ಲ. ಹುಳದ ಜೊತೆ ಮರಳು ನುಂಗಿದರೆ ಹೊಟ್ಟೆ ಕಟ್ಟಿಕೊಳ್ಳಬಹುದು. ಸದ್ಯಕ್ಕೆ ಟಿಶ್ಯೂ ಪೇಪರ್ ಹಾಸಿದ್ದೇನೆ. ಕಸ ಬಿದ್ದರೆ ತಕ್ಷಣ ಕಾಣುತ್ತದೆ. ಮುಂದೆ ಶಹಾಬಾದಿ ಫರ್ಸಿ ಹಾಕುವ ವಿಚಾರ ಇದೆ. ಮನೆ ಕಟ್ಟಿದಾಗ ಉಳಿದ ತುಂಡುಗಳು ಮಾಳಿಗೆಯ ಮೇಲೆ ಬಿದ್ದಿವೆ. ಶಾಖ ಹಿಡಿದಿಡುತ್ತದೆ, ತೊಳೆಯಲು ಸುಲಭ. ನಮ್ಮ ಜಿಲ್ಲೆಯ ಕಲ್ಲು ಎಲ್ಲೆಲ್ಲೋ ಹೋಗಿ ಯಾರ್‍ಯಾರದೋ ಮನೆಗೆ ನೆಲವಾಯಿತು, ಒಂದು ಹಲ್ಲಿಗೆ ಆದರೆ ತಪ್ಪೇನು?

"ಮತ್ತೆ ಅಡಗಲು ಮೂರು ಗೂಡು. ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು, ಪೊರೆ ಬಿಡಲು ಹಸಿ ಟಿಶ್ಯೂ ಹಾಕಿದ ಡಬ್ಬಿ ಒಂದು."

"ಥ್ರೀ ಬಿಎಚ್‌ಕೆ," ಅಂದ ಬಸ್ಯಾ. ಅವನು ಇರುವುದು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ಆ ಮೇಲೆ ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ.

ಆದರೆ ಹೀಟ್ ಮ್ಯಾಟ್ ವಿಷಯ ತೆಗೆದಾಗ ಎಲ್ಲರೂ ಸೇರಿ ನಕ್ಕರು. ನಗಲಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೀಟರ್ ಕೊಂಡವನನ್ನು ನೋಡಿ ನಾನೂ ನಗುತ್ತಿದ್ದೆ. ಪುಸ್ತಕದ ಪ್ರಕಾರ ಬೆಚ್ಚಗಿನ ಕಡೆ ನೆಲ 31ರಿಂದ 33 ಡಿಗ್ರಿ ಇರಬೇಕು, ಇನ್ನೊಂದು ಕಡೆ 25ರ ಹತ್ತಿರ. ಹೊರಗೆ 43. ಬೆಚ್ಚಗಿನ ಕಡೆಗೆ ಏನೂ ಮಾಡಬೇಕಿಲ್ಲ, ಸೂರ್ಯ ಫ್ರೀ ಸರ್ವೀಸ್ ಕೊಡುತ್ತಾನೆ. ತಂಪಿನ ಕಡೆಯೇ ತಲೆನೋವು. ಹಾಗಾಗಿ ಮ್ಯಾಟ್ ಪ್ಲಗ್ ಕಿತ್ತು, ಹಾಲಿನಲ್ಲಿದ್ದ ಕೂಲರ್ ಅನ್ನು ಶೇಂಗಾನ ಕೋಣೆಗೆ ಎಳೆದೆ. ಗಾಳಿ ನೇರ ಅದರ ಮೇಲೆ ಬೀಳದ ಹಾಗೆ ಗೋಡೆ ಕಡೆ ತಿರುಗಿಸಿದೆ.

ನಾನು ಕೆಟ್ಟದ್ದು ಅಲ್ಲೇ.

ಕೊಟ್ಟವನು ಹೇಳಿದ್ದು ಒಂದೇ ಮಾತು: ಒಂದೆರಡು ವಾರ ಅದನ್ನು ಮುಟ್ಟಬೇಡಿ, ಎತ್ತಬೇಡಿ, ಇಣುಕಬೇಡಿ. ನೀರು ಬದಲಿಸಿ, ಹುಳ ಇಡಿ, ಬಾಗಿಲು ಹಾಕಿ. ಹೊಸ ಜಾಗಕ್ಕೆ ಹೆದರಿರುತ್ತದೆ, ತಾನಾಗಿ ತಿನ್ನುತ್ತದೆ.

ಆದರೆ ಮನೆಗೆ ಇರುವುದು ಒಂದೇ ಕೂಲರ್. ಮೊದಲು ಅವ್ವ ಚಾಪೆ ತಂದಳು. ಆಮೇಲೆ ಇವಳು ತೊಗರಿಬೇಳೆ ಆರಿಸಲು ಮೊರ ತಂದಳು. ಮಗ ಮೊಬೈಲ್ ತಂದ. ಮೂರನೇ ದಿನಕ್ಕೆ ಟೀವಿಯೂ ಬಂತು. ಇಡೀ ಮನೆ ಖಾಲಿ, ಆ ಒಂದು ಕೋಣೆಯಲ್ಲಿ ಸಂತೆ.

ಅದರ ಮೇಲೆ ಅವ್ವನ ಉಪಚಾರ. ರೊಟ್ಟಿ ಸಾಕು ಅಂತ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಇನ್ನೊಂದು ಜಾರಿಸುವ ಕೈ ಅದು. ಬಂದವರನ್ನು ಸುಮ್ನೆ ಬಿಡುವುದು ಅವಳ ಲೆಕ್ಕದಲ್ಲಿ ಅವಮಾನ. ಅರ್ಧ ಗಂಟೆಗೊಮ್ಮೆ ಚಿಮುಟದಲ್ಲಿ ಹುಳ ಹಿಡಿದು, "ಇದೊಂದು ತಿನ್ನು ಕೂಸೇ, ಸೊರಗಿದ್ದೀ," ಅಂತ ಗೂಡಿನ ಬಾಯಿಗೆ ಒಯ್ಯುತ್ತಿದ್ದಳು. ಹುಳ ಮುಟ್ಟಿದ್ದಕ್ಕೆ ಇವಳು ಮುಖ ತಿರುಗಿಸಿದರೂ, ಹೋಗುವಾಗ ತಾನೂ ಒಮ್ಮೆ ಇಣುಕುತ್ತಿದ್ದಳು.

"ಸೊರಗಿದೆಯಾ?" ಮಾಸ್ತರು ಕೇಳಿದರು.

"ಇಲ್ಲ ಸರ್. ಬಾಲ ಹಾಗೇ ದಪ್ಪ ಇದೆ. ಕೊಬ್ಬೆಲ್ಲ ಅಲ್ಲೇ ಕೂಡಿಡುತ್ತದೆ. ನಮ್ಮದು ತೊಗರಿ ಕಣಜ, ಅದರ ಕಣಜ ಬಾಲದಲ್ಲಿ. ಬಾಲ ಸಣ್ಣಗಾಗತೊಡಗಿದರೆ ಡಾಕ್ಟರ ಹತ್ತಿರ ಓಡಬೇಕು."

"ಬೀದರ್‌ಗೆ ಒಯ್ಯೋಣ," ಅಂದ ಬಸ್ಯಾ. "ಪಶುವೈದ್ಯಕೀಯ ಯೂನಿವರ್ಸಿಟಿಯೇ ಇದೆ. ರೈಲೂ ಇದೆ. ನಾನು ಕೈಯಲ್ಲೇ ಹಿಡಿದು ಕೂರುತ್ತೇನೆ."

"ನೀನು ಹಿಡಿದರೆ ಬಾಲ ನಿನ್ನ ಕೈಯಲ್ಲಿ, ಅದು ಸೀಟಿನ ಕೆಳಗೆ. ಹೆದರಿದರೆ ಬಾಲ ಉದುರಿಸಿ ಬಿಡುತ್ತದೆ. ಮತ್ತೆ ಬೆಳೆಯುತ್ತದೆ, ಆದರೆ ಮೊದಲಿನಂತಲ್ಲ, ಬದನೆಕಾಯಿ ಹಾಗೆ."

"ಆಗ ಹೆಸರು ಬದಲಿಸಿದರಾಯಿತು," ಅಂದ ಪಾಷಾ.

ಇದಾಗಿ ಮೂರು ದಿನಕ್ಕೆ ರಾತ್ರಿ ಕರೆಂಟ್ ಹೋಯಿತು. ಕೂಲರ್ ನಿಂತಿತು. ಅವ್ವ ಚಾಪೆ ಸುತ್ತಿದಳು, ಇವಳು ನೀರಿನ ತಂಬಿಗೆ ಹಿಡಿದಳು, ಎಲ್ಲರೂ ಮಾಳಿಗೆ ಹತ್ತಿದೆವು. ಹೋಗುವ ಮುಂಚೆ ಕೋಣೆಯ ಕಿಟಕಿ ತೆರೆದು, ಬಟ್ಟಲಿಗೆ ಆರು ಹುಳ ಹಾಕಿದೆ. ಕತ್ತಲು, ಟೀವಿ ಇಲ್ಲ, ಚಿಮುಟ ಇಲ್ಲ.

ಬೆಳಗ್ಗೆ ಇಳಿದು ಬಂದಾಗ ಬಟ್ಟಲು ಖಾಲಿ. ಮೂಲೆಯ ಟಿಶ್ಯೂ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಹಿಕ್ಕೆ, ತುದಿಯಲ್ಲಿ ಬಿಳಿ. ಅದನ್ನು ನೋಡಿ ನಾನು ಕೂಗಿದ ಕೂಗಿಗೆ ಕಾಕು ಸಹ ಬಾಗಿಲು ತೆರೆದರು. ಇವಳು ಬಂದು ನೋಡಿ, "ಮಗ ಹತ್ತನೆಯ ಕ್ಲಾಸ್ ಪಾಸಾದಾಗಲೂ ಇಷ್ಟು ಕುಣಿದಿರಲಿಲ್ಲ," ಅಂದಳು. ಕೈ ತೊಳೆದುಕೊಳ್ಳದೆ ಏನನ್ನೂ ಮುಟ್ಟಬೇಡಿ ಅಂತಲೂ ಅಂದಳು. ಅದು ಸರಿಯೇ.

ಸಂಜೆ ಚಹಾದಂಗಡಿಗೆ ಮಾಲ್ಪುರಿ ಒಯ್ದೆ. ಮೂವರೂ ತಿಂದರು, ಕೈ ಒರೆಸಿಕೊಂಡು ಎದ್ದು ನಿಂತರು.

"ನಡಿ," ಅಂದ ಬಸ್ಯಾ. "ಶೇಂಗಾನನ್ನು ನೋಡಿ ಬರೋಣ."

"ಜೂನ್‌ನಲ್ಲಿ ಬನ್ನಿ," ಅಂದು ಇನ್ನೊಂದು ಚಹಾ ಹೇಳಿದೆ.