ಶಸ್ತ್ರಚಿಕಿತ್ಸೆಯಾದ ಹೆಣ್ಣುಬೆಕ್ಕು ಮತ್ತೆ ಬೆದೆಗೆ ಬರುತ್ತಿದೆ: ಕಾರಣವೇನಿರಬಹುದು?

ತೋಟದಮನೆ, ಶಿರಸಿ

ನಮ್ಮ ಹೆಣ್ಣುಬೆಕ್ಕಿಗೆ ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಅಂಡಾಶಯ ಮತ್ತು ಗರ್ಭಕೋಶ ಎರಡನ್ನೂ ತೆಗೆದಿರುವುದಾಗಿ ಚೀಟಿಯಲ್ಲಿದೆ. ಹೊಲಿಗೆ ಚೆನ್ನಾಗಿ ಮಾಗಿತು, ದೀಪಾವಳಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಆ ಮೇಲೆ ರಾತ್ರಿಯಿಡೀ ದೊಡ್ಡ ದನಿಯಲ್ಲಿ ಕೂಗುವುದು, ನೆಲದ ಮೇಲೆ ಹೊರಳುವುದು, ಬೆನ್ನು ಸವರಿದರೆ ಮುಂಗಾಲು ತಗ್ಗಿಸಿ, ಹಿಂಭಾಗವನ್ನೆತ್ತಿ, ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುವುದು, ಹೀಗೆ ಎಲ್ಲವೂ ಮೊದಲಿನಂತೆಯೇ ಶುರುವಾಗಿದೆ. ಗಂಡುಬೆಕ್ಕುಗಳು ಕೊಟ್ಟಿಗೆಯ ಮಾಡಿನ ಮೇಲೆ ಬಂದು ಕೂರುತ್ತವೆ. ಅವುಗಳಲ್ಲೊಂದು ಇದರೊಡನೆ ಕೂಡಿದ್ದನ್ನು ಅತ್ತೆಯವರು ನೋಡಿದ್ದಾರೆ. ಇದು ಮತ್ತೆ ಮರಿ ಹಾಕಬಹುದೇ? ಔಷಧದ ಅಂಗಡಿಯಿಂದ ಮಾತ್ರೆ ತಂದು ಕೊಟ್ಟರೆ ಕೂಗು ನಿಲ್ಲುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ತೂಕವೂ ಹೆಚ್ಚಿದೆ.

ಬೈತಖೋಲ, ಕಾರವಾರ

ಮಾತ್ರೆಯ ಯೋಚನೆಯನ್ನು ದಯವಿಟ್ಟು ಬಿಡಿ. ಬೆದೆಯನ್ನು ತಡೆಯಲು ಕೊಡುವ ಪ್ರೊಜೆಸ್ಟಿನ್ ಮಾತ್ರೆಗಳಿಂದ ಬೆಕ್ಕಿಗೆ ಮೊಲೆಗಳ ಊತ, ಸಕ್ಕರೆ ಕಾಯಿಲೆ, ಗರ್ಭಕೋಶದ ಭಾಗವೇನಾದರೂ ಉಳಿದಿದ್ದರೆ ಅದರಲ್ಲಿ ಕೀವು, ಇವೆಲ್ಲ ಬರಬಹುದು.

ಕಾರಣದ ಬಗ್ಗೆ ಹೇಳುವ ಮೊದಲು ಕೆಲವು ವಿಷಯಗಳು ತಿಳಿಯಬೇಕು. ಕೂಗು ಒಮ್ಮೆ ಶುರುವಾದರೆ ಎಷ್ಟು ದಿನ ಇರುತ್ತದೆ, ನಡುವೆ ಎಷ್ಟು ಬಿಡುವು ಇರುತ್ತದೆ? ಗಂಡುಬೆಕ್ಕು ಕೂಡಿದ ಮೇಲೆ ಏನಾಯಿತು? ಮೂತ್ರಕ್ಕೆ ಪದೇ ಪದೇ ಕುಳಿತು ತಿಣುಕುತ್ತದೆಯೇ? ಮನೆಯಲ್ಲಿ ಯಾರಾದರೂ ಈಸ್ಟ್ರೊಜೆನ್ (ಅಂಡಾಶಯ ಸ್ರವಿಸುವ, ಬೆದೆ ತರಿಸುವ ಹಾರ್ಮೋನು) ಇರುವ ಮುಲಾಮು ಹಚ್ಚಿಕೊಳ್ಳುತ್ತಾರೆಯೇ? ಕೊನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ಮುಟ್ಟು ನಿಂತ ಮೇಲೆ ಕೆಲವರಿಗೆ ವೈದ್ಯರು ಅಂಥ ಮುಲಾಮು ಬರೆದುಕೊಡುತ್ತಾರೆ. ಹಚ್ಚಿಕೊಂಡವರ ಕೈಯನ್ನು ಬೆಕ್ಕು ನೆಕ್ಕಿದರೆ ಅದರಲ್ಲೂ ಬೆದೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ತೋಟದಮನೆ, ಶಿರಸಿ

ಅಂಥ ಮುಲಾಮು ಮನೆಯಲ್ಲಿ ಯಾರಿಗೂ ಇಲ್ಲ. ಮೂತ್ರ ಸರಿಯಾಗಿ ಹೋಗುತ್ತದೆ, ಆಟಪಾಟ ಎಂದಿನಂತೆಯೇ ಇದೆ. ಕೂಗು ಸುಮಾರು ವಾರವಿದ್ದು ನಿಲ್ಲುತ್ತದೆ, ಎರಡು ವಾರ ಕಳೆದ ಮೇಲೆ ಮತ್ತೆ ಬರುತ್ತದೆ. ಗಂಡುಬೆಕ್ಕು ಕೂಡಿದ ಮೇಲೆ ಮಾತ್ರ ಒಂದೂವರೆ ತಿಂಗಳ ಕಾಲ ಸದ್ದೇ ಇರಲಿಲ್ಲ. ಗರ್ಭ ಕಟ್ಟಿದೆಯೆಂದೇ ಭಾವಿಸಿದ್ದೆವು. ಈಗ ಮತ್ತೆ ಆರಂಭವಾಗಿದೆ.

ಬೈತಖೋಲ, ಕಾರವಾರ

ನೀವು ಬರೆದ ಆ ಒಂದೂವರೆ ತಿಂಗಳ ಮೌನವೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು.

ಹಸುವಿನಲ್ಲಿ ಅಂಡ ತಾನಾಗಿ ಬಿಡುಗಡೆಯಾಗುತ್ತದೆ, ಬೆಕ್ಕಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಗಂಡಿನೊಡನೆ ಕೂಡಿದಾಗ ಮಿದುಳಿಗೆ ಸೂಚನೆ ಹೋಗಿ, ಅಲ್ಲಿಂದ ಎಲ್‌ಎಚ್ ಹಾರ್ಮೋನು ಒಮ್ಮೆಲೇ ಹೊಮ್ಮಿದಾಗ ಅಂಡ ಹೊರಬೀಳುತ್ತದೆ. ಕೂಡದಿದ್ದರೆ ಬೆದೆ ಸುಮಾರು ಒಂದು ವಾರದಲ್ಲಿ ಇಳಿದು ಎರಡು-ಮೂರು ವಾರಗಳಲ್ಲಿ ಮರಳುತ್ತದೆ. ಕೂಡಿಯೂ ಗರ್ಭ ಕಟ್ಟದಿದ್ದರೆ, ಅಂಡ ಹೊರಬಿದ್ದ ಜಾಗದಲ್ಲಿ ಪ್ರೊಜೆಸ್ಟರಾನ್ ಉತ್ಪತ್ತಿಯಾಗಿ ಸುಮಾರು 40ರಿಂದ 50 ದಿನ ಬೆದೆಯನ್ನು ತಡೆಹಿಡಿಯುತ್ತದೆ. ನಿಮ್ಮ ಬೆಕ್ಕಿನಲ್ಲಿ ಈ ಎರಡೂ ಲಯಗಳು ಸ್ಪಷ್ಟವಾಗಿ ಕಾಣುತ್ತಿರುವುದರಿಂದ, ಅದರ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿರುವ ಅಂಡಾಶಯದ ತುಣುಕೊಂದು ಉಳಿದಿದೆ ಎಂದೇ ನನ್ನ ಬಲವಾದ ಅನುಮಾನ. ಮೂತ್ರದ ಸೋಂಕಾಗಲಿ, ಬೇರೆ ನೋವಾಗಲಿ ಹೀಗೆ ಕಾಲಗಣನೆ ಮಾಡಿಕೊಂಡು ಬಂದು ಹೋಗುವುದಿಲ್ಲ.

ಅಂಡಾಶಯಗಳನ್ನು ಪೂರ್ತಿ ತೆಗೆದರೆ ರಕ್ತದಲ್ಲಿನ ಈಸ್ಟ್ರೊಜೆನ್ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಬೆದೆಯಲ್ಲಿದ್ದಾಗಲೇ ಶಸ್ತ್ರಚಿಕಿತ್ಸೆ ಮಾಡಿದ್ದರೂ ಲಕ್ಷಣಗಳು ಹೆಚ್ಚೆಂದರೆ ಒಂದು ವಾರ, ಹತ್ತು ದಿನ ಉಳಿದು ಮರೆಯಾಗುತ್ತವೆ. ಆ ಮೇಲೂ ಬೆಕ್ಕು ಕಾಲಿಗೆ ಮೈಯುಜ್ಜುತ್ತದೆ, ಪ್ರೀತಿಗೆ ಹೊರಳುತ್ತದೆ, ಅದು ಬೆದೆಯಲ್ಲ. ಆದರೆ ಬಾಲ ಸರಿಸಿ ನಿಲ್ಲುವುದು, ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದು, ಮೂತ್ರದ ವಾಸನೆಗೆ ಊರ ಗಂಡುಬೆಕ್ಕುಗಳೆಲ್ಲ ಸೇರುವುದು ಈಸ್ಟ್ರೊಜೆನ್ ಇಲ್ಲದೆ ಆಗುವಂಥದ್ದಲ್ಲ. ಆದ್ದರಿಂದ ‘ಆಪರೇಷನ್ ಆದರೂ ಕೆಲವಕ್ಕೆ ಹೀಗೇ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ತುಣುಕು ಉಳಿಯುವುದೇಕೆಂದರೆ, ಬೆಕ್ಕಿನ ಅಂಡಾಶಯ ಬಹಳ ಚಿಕ್ಕದು, ಮೂತ್ರಪಿಂಡದ ಹಿಂಬದಿಯಲ್ಲಿ ಆಳದಲ್ಲಿರುತ್ತದೆ. ಚಿಕ್ಕ ಗಾಯದ ಮೂಲಕ ಕೆಲಸ ಮಾಡುವಾಗ ಅಂಚು ಉಳಿಯಬಹುದು. ಚೂರೊಂದು ಹೊಟ್ಟೆಯೊಳಗೆ ಬಿದ್ದರೂ ಅದು ಒಳಪೊರೆಗೆ ಅಂಟಿ, ಹೊಸ ರಕ್ತನಾಳ ಬೆಳೆಸಿಕೊಂಡು ಜೀವ ಹಿಡಿಯಬಲ್ಲದು. ಹಾಗೆ ಚಿಗುರಲು ಸಮಯ ಬೇಕಾಗುವುದರಿಂದಲೇ ಲಕ್ಷಣಗಳು ಕೆಲವು ತಿಂಗಳು, ಒಮ್ಮೊಮ್ಮೆ ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಗರ್ಭಕೋಶವನ್ನು ತೆಗೆದಿದ್ದರೆ ಮರಿಗಳಾಗುವ ಸಾಧ್ಯತೆಯಿಲ್ಲ. ಆದರೆ ಅದರ ಬುಡದ ಮೋಟು ಉಳಿದಿದ್ದರೆ, ಈ ಹಾರ್ಮೋನುಗಳ ಪ್ರಭಾವದಿಂದ ಅಲ್ಲಿ ಕೀವು ತುಂಬುವ ಅಪಾಯವಿದೆ. ಊಟ ಬಿಟ್ಟರೆ, ಜ್ವರ ಬಂದರೆ, ಯೋನಿಯಿಂದ ಸ್ರಾವ ಕಂಡರೆ ಆ ದಿನವೇ ಪಶುವೈದ್ಯರಲ್ಲಿ ಒಯ್ಯಿರಿ.

ಈಗ ಮಾಡಬೇಕಾದದ್ದು: ಕೂಗು ಇರುವ ದಿನಗಳಲ್ಲಿಯೇ ಹೋಗಿ ಯೋನಿಯ ಒಳಪದರದ ಕೋಶಗಳನ್ನು ಹತ್ತಿಯ ಕಡ್ಡಿಯಲ್ಲಿ ತೆಗೆಸಿ, ಸ್ಲೈಡಿನ ಮೇಲೆ ಪರೀಕ್ಷಿಸಲು ಕೇಳಿ. ಈಸ್ಟ್ರೊಜೆನ್ ಇದ್ದರೆ ಆ ಕೋಶಗಳು ಗಟ್ಟಿಯಾಗಿ, ಮೂಲೆಮೂಲೆಯಾಗಿ ಕಾಣುತ್ತವೆ. ಕೂಗು ನಿಂತ ಮೇಲೆ ಹೋದರೆ ಸ್ಲೈಡಿನಲ್ಲಿ ಏನೂ ಸಿಗುವುದಿಲ್ಲ. ಆ ಕಡ್ಡಿಯ ಸ್ಪರ್ಶವೇ ಕೆಲವೊಮ್ಮೆ ಅಂಡ ಬಿಡುಗಡೆಗೆ ಕಾರಣವಾಗುವುದರಿಂದ, ಪರೀಕ್ಷೆಯ ನಂತರ ಬೆಕ್ಕು ದೀರ್ಘಕಾಲ ಸುಮ್ಮನಾದರೆ ಗುಣವಾಯಿತೆಂದು ತಿಳಿಯಬೇಡಿ. ಇನ್ನಷ್ಟು ಖಚಿತವಾಗಬೇಕೆಂದರೆ, ಬೆದೆಯಲ್ಲಿರುವಾಗ ಅಂಡ ಬಿಡುಗಡೆಗೆ ಪ್ರಚೋದಿಸುವ ಜಿಎನ್‌ಆರ್‌ಎಚ್ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಒಂದೆರಡು ವಾರಗಳ ನಂತರ ರಕ್ತದ ಪ್ರೊಜೆಸ್ಟರಾನ್ ಅಳೆಯುತ್ತಾರೆ. ಅದು ಏರಿದ್ದರೆ ಅಂಡಾಶಯ ಇದ್ದೇ ಇದೆ. ಪರಿಹಾರ ಮಾತ್ರ ಇನ್ನೊಂದು ಶಸ್ತ್ರಚಿಕಿತ್ಸೆಯೇ. ಅದನ್ನು ಬೆದೆಯಲ್ಲಿರುವಾಗ ಅಥವಾ ಅಂಡ ಬಿಡುಗಡೆಯಾದ ನಂತರದ ವಾರಗಳಲ್ಲಿ ಮಾಡಿದರೆ ತುಣುಕು ಉಬ್ಬಿರುವುದರಿಂದ ಕಣ್ಣಿಗೆ ಬೀಳುತ್ತದೆ. ಎರಡೂ ಬದಿಗಳನ್ನು ನೋಡಲು ಹೇಳಿ, ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕಳುಹಿಸಿ.

ಹೆಗಡೆಕಟ್ಟೆ ಕಡೆಯವರು

ನಡುವೆ ಒಂದು ಅನುಮಾನ. ಬೆಕ್ಕುಗಳಿಗೆ ಚಳಿಗಾಲದಲ್ಲಿ ಬೆದೆ ಇರುವುದಿಲ್ಲ ಎಂದು ಓದಿದ್ದೆ. ದೀಪಾವಳಿಯ ನಂತರ ಹೇಗೆ ಬಂತು?

ಬೈತಖೋಲ, ಕಾರವಾರ

ಅದು ಚಳಿಗಾಲದ ಹಗಲು ತೀರ ಚಿಕ್ಕದಾಗುವ ದೇಶಗಳ ಮಾತು. ಬೆಕ್ಕಿನ ಬೆದೆಯನ್ನು ನಡೆಸುವುದು ಹಗಲಿನ ಉದ್ದ. ನಮ್ಮ ಜಿಲ್ಲೆಯಲ್ಲಿ ಡಿಸೆಂಬರಿನಲ್ಲಿಯೂ ಹಗಲು 11 ಗಂಟೆಗಿಂತ ಹೆಚ್ಚಿರುತ್ತದೆ, ಸಾಲದ್ದಕ್ಕೆ ಮನೆಯ ದೀಪಗಳಿರುತ್ತವೆ. ಇಲ್ಲಿ ವರ್ಷದ ಯಾವ ತಿಂಗಳಲ್ಲಿಯೂ ಬೆದೆ ಬರಬಹುದು.

ತೂಕದ ವಿಷಯ ಬಿಟ್ಟುಹೋಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಹಸಿವು ಹೆಚ್ಚುತ್ತದೆ, ದೇಹಕ್ಕೆ ಬೇಕಾದ ಶಕ್ತಿ ಮಾತ್ರ ಸುಮಾರು ಕಾಲುಭಾಗ ಇಳಿಯುತ್ತದೆ. ಅನ್ನ-ಹಾಲನ್ನು ಕಡಿಮೆ ಮಾಡಿ, ಊಟವನ್ನು ಅಳೆದು ಹಾಕಿ.

ತೋಟದಮನೆ, ಶಿರಸಿ

ತಡವಾಗಿ ಬರೆಯುತ್ತಿದ್ದೇನೆ. ಸ್ಲೈಡಿನಲ್ಲಿ ನೀವು ಹೇಳಿದಂಥ ಕೋಶಗಳೇ ಕಂಡವು. ಆ ಮೇಲೆ ಬೇರೆ ವೈದ್ಯರಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಆಯಿತು. ಬಲ ಮೂತ್ರಪಿಂಡದ ಬಳಿ ಹೆಸರುಕಾಳಿನಷ್ಟು ಚೂರು ಸಿಕ್ಕಿತು, ಅದು ಅಂಡಾಶಯವೇ ಎಂದು ವರದಿ ಬಂದಿದೆ. ಕೂಗು ಇಲ್ಲ. ಆದರೆ ಈಗ ಮೊಲೆಗಳು ಸ್ವಲ್ಪ ಊದಿ, ಒಂದರಲ್ಲಿ ಹಾಲಿನಂತೆ ಜಿನುಗುತ್ತಿದೆ. ಇದು ಮತ್ತೇನು?

ಬೈತಖೋಲ, ಕಾರವಾರ

ಅಂಡ ಬಿಡುಗಡೆಯಾದ ನಂತರದ ವಾರಗಳಲ್ಲಿ ಶಸ್ತ್ರಚಿಕಿತ್ಸೆ ನಡೆದಿರಬೇಕು. ಪ್ರೊಜೆಸ್ಟರಾನ್ ಥಟ್ಟನೆ ಇಳಿದಾಗ ಹಾಲಿಳಿಸುವ ಪ್ರೊಲ್ಯಾಕ್ಟಿನ್ ಏರಿ ಹೀಗಾಗುತ್ತದೆ. ಹಿಂಡಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಮುಟ್ಟಿದಷ್ಟೂ ಹಾಲು ಹೆಚ್ಚುತ್ತದೆ. ಸಾಮಾನ್ಯವಾಗಿ ಎರಡು-ಮೂರು ವಾರಗಳಲ್ಲಿ ತಾನಾಗಿ ಬತ್ತುತ್ತದೆ. ಮೊಲೆ ಕೆಂಪಾಗಿ ಬಿಸಿಯಾದರೆ ಅಥವಾ ಬತ್ತಿದ ಮೇಲೂ ಗಟ್ಟಿ ಗಂಟು ಉಳಿದರೆ ಮಾತ್ರ ತೋರಿಸಿ.