ನಾಗೇಶನ ಮನೆಪತ್ರ, ನಮ್ಮ ಬ್ಯಾಚಿನ ಜಗಳ

ನಾಗೇಶ: [ಫೋಟೊ] ಅಮೆರಿಕದ ಸ್ಯಾನ್ ಹೋಸೆಯ ಹೊಸ ಮನೆಯ ಕಾಗದದ ಜೊತೆ ಬಂದ ಹಳೇ ಕರಾರು, 1940ರ ದಶಕದ್ದು. ಮೂರನೇ ಸಾಲು ಓದಿ. ಬಿಳಿಯರಲ್ಲದವರು ಇಲ್ಲಿ ಇರುವಂತಿಲ್ಲವಂತೆ, ಮನೆ ಆಳಾಗಿದ್ದರೆ ಪರವಾಗಿಲ್ಲವಂತೆ! ಅದೇ ಅಡುಗೆಮನೆಯಲ್ಲಿ ಭಾನುವಾರ ಹಾಲು ಉಕ್ಕಿಸುತ್ತೇವೆ.

ಪ್ರಸಾದ: ಸೂಪರ್ ಕಣೋ! ಜಾಗತೀಕರಣ ಅಂದ್ರೆ ಇದೇ. ದುಡ್ಡಿಗೆ ಬಣ್ಣ ಇಲ್ಲ.

ಸುಮಾ: ಅಷ್ಟು ಸುಲಭ ಅಲ್ಲ ಪ್ರಸಾದ. ನಿಮ್ಮ ಪಕ್ಕದೂರು ಮಿಲ್ಪಿಟಾಸ್‌ನ ಗ್ರೇಟ್ ಮಾಲ್ ಗೊತ್ತಲ್ಲ? ನಾನು ಅದರ ಪಕ್ಕದಲ್ಲೇ ಆರು ವರ್ಷ ಇದ್ದೆ. ಮೊದಲು ಅದು ಫೋರ್ಡ್ ಕಾರ್ಖಾನೆ. 1955ರಲ್ಲಿ ರಿಚ್ಮಂಡ್‌ನಿಂದ ಸುಮಾರು 50 ಮೈಲಿ ಈಚೆ ಬಂತು. ಬಿಳಿ ಕೆಲಸಗಾರರು ಹತ್ತಿರದಲ್ಲೇ ಮನೆ ಕೊಂಡರು. ಕಪ್ಪು ಕೆಲಸಗಾರರಿಗೆ ಮಾರುವವರೇ ಇರಲಿಲ್ಲ. ಕೊನೆಗೆ ಯೂನಿಯನ್‌ನವರು ಎಲ್ಲರಿಗೂ ಅಂತ ಸನ್ನಿಹಿಲ್ಸ್ ಬಡಾವಣೆಗೆ ಕೈಹಾಕಿದರು. ತಕ್ಷಣ ಅಲ್ಲಿನ ಆಡಳಿತದವರು ಒಳಚರಂಡಿ ಸಂಪರ್ಕದ ಶುಲ್ಕ ಏರಿಸಿಬಿಟ್ಟರು!

ರವಿ: ಬೇಡ ಅನ್ನದೆ ಚರಂಡಿಗೆ ರೇಟ್ ಏರಿಸೋದು! ಭಲೇ ಬುದ್ಧಿ 😀

ಪ್ರಸಾದ: ಆದ್ರೂ ಕಟ್ಟಿದರಲ್ಲ? ಅಲ್ಲಿನ ಬೆನ್ ಗ್ರಾಸ್, ಕಪ್ಪು ಕಾರ್ಮಿಕ, 1966ರಲ್ಲಿ ಊರಿನ ಮೇಯರ್ ಆದ. ಈಗಷ್ಟೇ ಹುಡುಕಿದೆ. ಮನೆ ಮಾರುವಾಗ ಬಣ್ಣ ನೋಡಬಾರದು ಅಂತ 1968ರಲ್ಲಿ ಕಾನೂನೂ ಬಂತು. ಆಮೇಲೆ ಯಾರು ತಡೆದರು? ನಾವು ಬರಿಗೈಯಲ್ಲಿ ಹೋಗಿ ಸಂಪಾದಿಸಲಿಲ್ವಾ?

ಸುಮಾ: ಬರಿಗೈ? ಕಡಿಮೆ ಫೀಸಿನ ಸರ್ಕಾರಿ ಸೀಟಿನಲ್ಲಿ ಓದಿ, ಡಿಗ್ರಿ ಹಿಡಿದು ವಿಮಾನ ಹತ್ತಿದೆವು. ಕಾನೂನು ಬಂದು ಹದಿನೈದೇ ವರ್ಷ, 1983ರಲ್ಲಿ ಫೋರ್ಡ್ ಬಾಗಿಲು ಹಾಕಿತು. ಅಷ್ಟರಲ್ಲಿ ಜಪಾನಿನ ಕಾರುಗಳು ಮಾರುಕಟ್ಟೆ ಹಿಡಿದಿದ್ದವು. ಕೆಲಸ ಇದ್ದಾಗ ಮನೆ ಕೊಡಲಿಲ್ಲ, ಮನೆ ಕೊಳ್ಳಬಹುದು ಅನ್ನುವಾಗ ಕೆಲಸ ಇರಲಿಲ್ಲ. ಆಮೇಲೆ ಕಂಪ್ಯೂಟರ್ ಚಿಪ್, ಸಾಫ್ಟ್‌ವೇರ್ ದುಡ್ಡು ಬಂತು, ನಾವೂ ಬಂದೆವು, ಬೆಲೆ ಗಗನಕ್ಕೇರಿತು. ಮುಂಚೆ ಕೊಂಡವರ ಮಕ್ಕಳಿಗೆ ಆಸ್ತಿ ಆಯ್ತು. ಕೊಳ್ಳಲು ಬಿಡದವರ ಮಕ್ಕಳು ಇನ್ನೂ ಬಾಡಿಗೆ ಕಟ್ಟುತ್ತಿದ್ದಾರೆ.

ನಾಗೇಶ: ಹಾಗಾದ್ರೆ ನಾನೇನು ಕಳ್ಳನಾ? 30 ವರ್ಷದ ಸಾಲ ಕಣೇ.

ಸುಮಾ: ನಿನ್ನನ್ನು ಯಾರು ಅಂದರು? ದುಡ್ಡಿಗೆ ಬಣ್ಣ ಇಲ್ಲ ಅಂದವನಿಗೆ ಹೇಳಿದೆ.

ಪ್ರಸಾದ: ಸರಿ ಮೇಡಂ. ಆದ್ರೆ ಎಲ್ಲಕ್ಕೂ ಚರಿತ್ರೆ ಕಾರಣ ಅನ್ನೋದನ್ನ ನಾನು ಒಪ್ಪಲ್ಲ.

ನಾಗೇಶ: ಒಂದು ಮಾತು ಹೇಳ್ತೀನಿ, ಬೈಬೇಡಿ. ಏಜೆಂಟ್ ಎದುರು ನಾವು ಕೇಳಿದ ಮೊದಲ ಪ್ರಶ್ನೆ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಅಂತ. ಅಂಕ ಕಡಿಮೆ ಇದ್ದ ಬೀದಿಗಳಲ್ಲಿ ಕಾರು ಕೂಡ ನಿಲ್ಲಿಸಲಿಲ್ಲ.

ರವಿ: ...

ಸುಮಾ: ಆ ಕರಾರನ್ನು ಏನು ಮಾಡ್ತೀಯ?

ನಾಗೇಶ: ಕಾನೂನಿನಲ್ಲಿ ಅದು ನಡೆಯಲ್ಲ ಅಂತ ಮೇಲೆ ಒಂದು ಹಾಳೆ ಹಚ್ಚಿದ್ದಾರೆ. ಅರ್ಜಿ ಕೊಟ್ಟರೆ ಆ ಸಾಲು ಅಳಿಸುತ್ತಾರಂತೆ. ನಮ್ಮವಳು ಬೇಡ, ಇರಲಿ ಅಂತಾಳೆ.

ಪ್ರಸಾದ: ಭಾನುವಾರದ ಲಿಂಕ್ ಹಾಕೋ.