ಮಾರುವವರು ಕರಾರು ಮುರಿದರೆ ನಷ್ಟದ ಲೆಕ್ಕ: ಯಾವ ದಿನದ ಬೆಲೆ, ಯಾವ ದಾಖಲೆ?

ಪ್ರಶ್ನೆ – ಚಕ್ಕುಬಂದಿ

ಮೈಸೂರಿನ ಖಾಸಗಿ ಬಡಾವಣೆಯ 30×40 ಸೈಟು, 1,200 ಚದರಡಿ. 2023ರ ಜುಲೈ 10ರಂದು ಕ್ರಯದ ಕರಾರು ಆಗಿದೆ, ನೋಂದಣಿ ಮಾಡಿಸಿಲ್ಲ. ಚದರಡಿಗೆ 4,000 ರೂಪಾಯಿಯಂತೆ ಒಟ್ಟು 48 ಲಕ್ಷ. ಮುಂಗಡ 8 ಲಕ್ಷ ಬ್ಯಾಂಕ್ ಮೂಲಕ ಸಂದಿದೆ, ಸ್ವಾಧೀನ ಕೊಟ್ಟಿಲ್ಲ. ಗಡುವು ಆರು ತಿಂಗಳು. ಕೊಳ್ಳುವವರು ಮೊದಲೇ ನೋಟಿಸು ಕೊಟ್ಟು 2024ರ ಜನವರಿ 10ರಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾದರು, ಮಾರುವವರು ಬರಲಿಲ್ಲ. ಜನವರಿ 22ಕ್ಕೆ ಕರಾರು ರದ್ದೆಂದು ನೋಟಿಸು ಬಂತು, ಜೊತೆಗೆ 8 ಲಕ್ಷದ ಚೆಕ್ಕು. ಚೆಕ್ಕನ್ನು ಬ್ಯಾಂಕಿಗೆ ಹಾಕಿಲ್ಲ.

ಕರಾರಿನಲ್ಲಿ 'ಮಾರುವವರು ತಪ್ಪಿದರೆ ಮುಂಗಡದ ಎರಡರಷ್ಟು ಕೊಡತಕ್ಕದ್ದು' ಎಂದಿದೆ. ಅಲ್ಲಿ ಈಗ ಚದರಡಿಗೆ 6,500 ನಡೆಯುತ್ತಿದೆ. ಸರ್ಕಾರದ ಮಾರ್ಗಸೂಚಿ ಬೆಲೆ 2,600 ಮಾತ್ರ ಇರುವಾಗ ನಷ್ಟ ಎಲ್ಲಿಂದ ಬಂತು ಎನ್ನುವುದು ಎದುರಿನವರ ವಾದ. ದಾವೆಯಲ್ಲಿ ಈಗಿನ ಬೆಲೆಗೂ ಕರಾರಿನ ಬೆಲೆಗೂ ಇರುವ ವ್ಯತ್ಯಾಸ 30 ಲಕ್ಷ ಕೇಳಬಹುದೇ?

ಉತ್ತರ 1 – ಸಿವಿಲ್ ಕಡತ

30 ಲಕ್ಷ ನಿಲ್ಲುವುದಿಲ್ಲ. ಕರಾರು ಕಾಯ್ದೆಯ 73ನೇ ಕಲಮಿನಡಿ ಅಳೆಯುವುದು ಕರಾರು ಮುರಿದ ದಿನದ ಮಾರುಕಟ್ಟೆ ಬೆಲೆಗೂ ಕರಾರಿನ ಬೆಲೆಗೂ ಇರುವ ವ್ಯತ್ಯಾಸವನ್ನು. ದಾವೆ ಹಾಕುವ ದಿನದ ಬೆಲೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಆ ದಿನ 2024ರ ಜನವರಿ 10. ಅಂದಿನ ದರ 4,900 ಎಂದು ಸಾಬೀತಾಯಿತು ಎಂದುಕೊಳ್ಳಿ: 1,200 × 4,900 = 58.8 ಲಕ್ಷ, ಅದರಲ್ಲಿ 48 ಕಳೆದರೆ ನಷ್ಟ 10.8 ಲಕ್ಷ. ಬ್ಯಾಂಕ್ ಸಾಲದ ಪ್ರೊಸೆಸಿಂಗ್ ಶುಲ್ಕ, ವಕೀಲರ ಕಾನೂನು ಅಭಿಪ್ರಾಯದ ಶುಲ್ಕ ಇಂಥವನ್ನು ರಸೀದಿ ಇದ್ದರೆ ಸೇರಿಸಿ ಕೇಳಬಹುದು.

ಆದರೆ ನಿಜವಾದ ತೊಡಕು ಆ 'ಎರಡರಷ್ಟು' ಷರತ್ತಿನಲ್ಲಿದೆ. ಇದು ನಮಗೇ ಅನುಕೂಲ ಎಂದುಕೊಂಡು ಕೊಳ್ಳುವವರು ಸಹಿ ಹಾಕಿಬಿಡುತ್ತಾರೆ. 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಮೊತ್ತ ಬರೆದಿದ್ದರೆ ಅದೇ ಮೇಲ್ಮಿತಿ. ನ್ಯಾಯಾಲಯ ಅದರೊಳಗೆ ಸಮಂಜಸ ಎನಿಸಿದಷ್ಟು ಕೊಡುತ್ತದೆ, ಮೀರಿ ಕೊಡುವುದಿಲ್ಲ. ಎರಡರಷ್ಟು ಎಂದರೆ 16 ಲಕ್ಷ. ಅದರಲ್ಲಿ 8 ನಿಮ್ಮದೇ ಮುಂಗಡ. ಪರಿಹಾರಕ್ಕೆ ಉಳಿಯುವುದು 8 ಲಕ್ಷ. 10.8 ಸಾಬೀತಾದರೂ ಕೈಗೆ ಬರುವುದು 8. ಇನ್ನು ನಷ್ಟವನ್ನೇ ತೋರಿಸದೆ ಷರತ್ತೊಂದನ್ನೇ ಹಿಡಿದು ಕೂತರೆ ಅದೂ ಕಷ್ಟ: 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಷ್ಟವೇ ಆಗದಿದ್ದರೆ 74ನೇ ಕಲಮಿನಡಿ ಪರಿಹಾರವೂ ಇಲ್ಲ ಎಂದಿದೆ.

ಆದ್ದರಿಂದ ಮೊದಲ ಕೋರಿಕೆ ಕ್ರಯಪತ್ರ ಮಾಡಿಕೊಡಿಸಬೇಕೆಂದೇ ಇರಲಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 23ನೇ ಕಲಮಿನ ಪ್ರಕಾರ ದಂಡದ ಷರತ್ತು ಇರುವುದು ಅದಕ್ಕೆ ಅಡ್ಡಿಯಲ್ಲ. ಕ್ರಯದ ಬದಲು ಹಣ ಕೊಟ್ಟು ಬಿಡಿಸಿಕೊಳ್ಳುವ ಆಯ್ಕೆಯನ್ನೇ ಮಾರುವವರಿಗೆ ಕೊಟ್ಟಿದ್ದರೆ ಮಾತ್ರ ತೊಂದರೆ. ನೀವು ಉದ್ಧರಿಸಿದ ವಾಕ್ಯ ಹಾಗಿಲ್ಲ. ಬೆಲೆ ಏರಿದ ಲಾಭ ಸಿಗುವುದು ಸೈಟೇ ಸಿಕ್ಕಾಗ.

ದಾವಾಪತ್ರದಲ್ಲಿ ಮೂರನ್ನೂ ಬರೆಯಿರಿ: ಕ್ರಯಪತ್ರ, ಬದಲಿಯಾಗಿ 73ನೇ ಕಲಮಿನ ಪರಿಹಾರ, ಬಡ್ಡಿಸಹಿತ ಮುಂಗಡ ವಾಪಸು. ನಿರ್ದಿಷ್ಟ ಪರಿಹಾರ ಕಾಯ್ದೆಯ 21 ಮತ್ತು 22ನೇ ಕಲಮಿನಡಿ ಕೇಳದ ಪರಿಹಾರವನ್ನೂ ಮುಂಗಡವನ್ನೂ ನ್ಯಾಯಾಲಯ ತಾನಾಗಿ ಕೊಡುವುದಿಲ್ಲ. ಆಮೇಲೆ ತಿದ್ದುಪಡಿಗೆ ಅವಕಾಶವಿದ್ದರೂ ವರ್ಷಗಳು ಹಾಳು. 2018ರ ತಿದ್ದುಪಡಿ 21ನೇ ಕಲಮಿನಿಂದ ಕ್ರಯದ 'ಬದಲಾಗಿ' ಪರಿಹಾರ ಎಂಬ ಮಾತನ್ನೇ ತೆಗೆದುಹಾಕಿದೆ, ಹಾಗಾಗಿ 73ನೇ ಕಲಮನ್ನು ಪ್ರತ್ಯೇಕವಾಗಿ ಹೆಸರಿಸಿ. ಅದೇ ಕಾಯ್ದೆಯ 16ನೇ ಕಲಮಿನಂತೆ ನೀವು ಕೊಳ್ಳಲು ಸಿದ್ಧರಿದ್ದಿರಿ ಎನ್ನಲು ಜನವರಿ 10ರಂದು ಉಳಿದ 40 ಲಕ್ಷ ಎಲ್ಲಿತ್ತು ಎಂದು ತೋರಿಸಬೇಕು: ಸಾಲ ಮಂಜೂರಾತಿ ಪತ್ರ, ಆ ತಿಂಗಳ ಪಾಸ್‌ಬುಕ್. ದಾವೆಗಳು ಹೆಚ್ಚು ಬೀಳುವುದೇ ಇಲ್ಲಿ. ಗಡುವು ಗೊತ್ತಾಗಿರುವುದರಿಂದ ಕಾಲಮಿತಿ 2024ರ ಜನವರಿ 10ರಿಂದ 3 ವರ್ಷ. 22ನೇ ತಾರೀಖಿನಿಂದ ಎಣಿಸುವ ಸಾಹಸ ಬೇಡ.

ಉತ್ತರ 2 – ಅಳತೆಗೋಲು

ಬೆಲೆಯ ಸಾಕ್ಷ್ಯದ ಬಗ್ಗೆ. ಮಾರ್ಗಸೂಚಿ ಬೆಲೆ ಇರುವುದು ಮುದ್ರಾಂಕ ಶುಲ್ಕ ವಸೂಲಿಗೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದನ್ನು ಪರಿಷ್ಕರಿಸಿದರು. ಸೆಪ್ಟೆಂಬರ್ 30ರ ರಾತ್ರಿ ಮಲಗಿ ಎದ್ದಾಗ ಯಾವ ಸೈಟಿನ ಮಾರುಕಟ್ಟೆ ಬೆಲೆಯೂ ಬದಲಾಗಿರಲಿಲ್ಲ. ಅಲ್ಲದೆ ಎದುರಿನವರೇ 4,000ಕ್ಕೆ ಒಪ್ಪಿ ಸಹಿ ಹಾಕಿದ್ದಾರೆ, 2,600ರ ಮಾತನ್ನು ಅವರ ಸಹಿಯೇ ಸುಳ್ಳು ಮಾಡುತ್ತದೆ.

ಬೇಕಾದದ್ದು ಅದೇ ಬಡಾವಣೆಯ ಕ್ರಯಪತ್ರಗಳು. 2023ರ ಜುಲೈನಿಂದ 2024ರ ಜುಲೈವರೆಗೆ, ಅಂದರೆ ಮುರಿದ ದಿನದ ಆಚೀಚೆ ಆರಾರು ತಿಂಗಳು ನೋಡಿ. ಅಕ್ಕಪಕ್ಕದ ಸೈಟ್ ನಂಬರುಗಳಿಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಹೊಂದುವ ಮೂರ್ನಾಲ್ಕು ಪತ್ರಗಳ ದೃಢೀಕೃತ ನಕಲು ಪಡೆಯಿರಿ. ಕೊಂಡವರು ಬ್ಯಾಂಕ್ ಸಾಲ ಮಾಡಿದ ಪತ್ರಗಳನ್ನು ಆರಿಸಿ: ಸಾಲ ಹೆಚ್ಚು ಸಿಗಲೆಂದು ಅವುಗಳಲ್ಲಿ ಬೆಲೆ ಸಾಮಾನ್ಯವಾಗಿ ನಿಜಕ್ಕೆ ಹತ್ತಿರವಿರುತ್ತದೆ. ಮಾರ್ಗಸೂಚಿ ಬೆಲೆಯನ್ನೇ ನಕಲು ಹೊಡೆದಂತೆ ಬರೆದ ಪತ್ರಗಳು ನಿಮ್ಮ ವಿರುದ್ಧವೇ ತಿರುಗುತ್ತವೆ. ಬ್ಯಾಂಕ್ ಹರಾಜಿನ ಬೆಲೆಯೂ ಬೇಡ, ಅದು ಒತ್ತಡದ ಮಾರಾಟ. ಮೂಲೆ ಸೈಟು, ಅಗಲ ರಸ್ತೆಯ ಸೈಟು ಸೇರಿಸಿದರೆ ಎಷ್ಟು ಕಳೆದಿರಿ, ಏಕೆ ಎಂದು ಬರೆದಿರಬೇಕು. ಖಾತೆಯ ಸ್ಥಿತಿ ಬೇರೆಯಿದ್ದರೆ ಹೋಲಿಕೆಗೇ ಬಾರದು.

ನೋಂದಾಯಿತ ಮೌಲ್ಯಮಾಪಕರ ವರದಿ ತರಿಸುವಾಗ ಪದೇ ಪದೇ ಆಗುವ ತಪ್ಪು ಒಂದಿದೆ: ಅವರು ಸ್ಥಳ ನೋಡಿದ ದಿನದ ಬೆಲೆಯನ್ನೇ ಬರೆದುಕೊಡುತ್ತಾರೆ. '10-01-2024ರಂದು ಇದ್ದ ಮಾರುಕಟ್ಟೆ ಬೆಲೆ' ಎಂದು ನಿಮ್ಮ ಕೋರಿಕೆ ಪತ್ರದಲ್ಲೇ ಇರಲಿ, ಆಧಾರದ ಪತ್ರಗಳ ಸಂಖ್ಯೆ ವರದಿಯಲ್ಲಿ ಬರಲಿ. ಮೌಲ್ಯಮಾಪಕರು ಸಾಕ್ಷಿಕಟ್ಟೆ ಹತ್ತಿ ಪಾಟಿ ಸವಾಲಿಗೆ ಉತ್ತರಿಸದಿದ್ದರೆ ಆ ವರದಿಗೆ ಬೆಲೆಯಿಲ್ಲ. ಸಾಧ್ಯವಾದರೆ ಹೋಲಿಕೆಯ ಒಂದು ಪತ್ರದ ಕೊಂಡವರನ್ನೋ ಮಾರಿದವರನ್ನೋ ಸಾಕ್ಷಿಯಾಗಿ ಕರೆಸಿ.

ಚಕ್ಕುಬಂದಿ

ಇಬ್ಬರಿಗೂ ಧನ್ಯವಾದ. ಇಸಿ ತೆಗೆಸಿದಾಗ ಹೊಸ ವಿಷಯ ಸಿಕ್ಕಿತು: 2024ರ ಆಗಸ್ಟಿನಲ್ಲಿ ಇದೇ ಸೈಟು ಬೇರೆಯವರಿಗೆ 54 ಲಕ್ಷಕ್ಕೆ ಕ್ರಯವಾಗಿದೆ. ಇನ್ನು ಹಣ ಮಾತ್ರವೇ? ಆ ಚೆಕ್ಕಿನ ಗತಿ ಏನು?

ಉತ್ತರ 3 – ಸಿವಿಲ್ ಕಡತ

ಕ್ರಯಪತ್ರದ ಕೋರಿಕೆ ಬಿಡಬೇಡಿ. ಹೊಸ ಖರೀದಿದಾರರನ್ನು 2ನೇ ಪ್ರತಿವಾದಿ ಮಾಡಿ. ಹಣ ಕೊಟ್ಟು, ಸದ್ಭಾವನೆಯಿಂದ, ನಿಮ್ಮ ಕರಾರು ಗೊತ್ತಿಲ್ಲದೆ ಕೊಂಡೆ ಎಂದು ತೋರಿಸುವ ಹೊಣೆ ನಿರ್ದಿಷ್ಟ ಪರಿಹಾರ ಕಾಯ್ದೆಯ 19(ಬಿ) ಕಲಮಿನಡಿ ಅವರದು. ಕರಾರು ನೋಂದಣಿಯಾಗಿದ್ದರೆ ಇಸಿಯಲ್ಲೇ ಕಾಣುತ್ತಿತ್ತು, ಗೊತ್ತಿರಲಿಲ್ಲ ಎನ್ನಲು ಬಾಯೇ ಇರುತ್ತಿರಲಿಲ್ಲ. ಈಗ ಅವರಿಗೆ ತಿಳಿದಿತ್ತು ಎನ್ನಲು ಬೇರೆ ಸಾಕ್ಷ್ಯ ಹುಡುಕಬೇಕು: ಒಂದೇ ದಲ್ಲಾಳಿ, ಸಂಬಂಧ, ನೆರೆಮನೆ.

ಆ 54 ಲಕ್ಷದ ಪತ್ರ ನಿಮಗೆ ಒಳ್ಳೆಯ ಸಾಕ್ಷ್ಯ. ಏಳು ತಿಂಗಳು ತಡವಾದರೂ ಅದು ಮಾರುವವರೇ ಸಹಿ ಹಾಕಿದ ಬೆಲೆ. ನಷ್ಟವೇ ಇಲ್ಲ ಎನ್ನುವ ವಾದ ಅಲ್ಲಿಗೆ ಕುಸಿಯುತ್ತದೆ. ಹೋಲಿಕೆಯ ಪತ್ರಗಳು ಸೋತರೂ 6 ಲಕ್ಷಕ್ಕಾದರೂ ವಾದ ಉಳಿಯುತ್ತದೆ.

ಚೆಕ್ಕಿನ ಆಯಸ್ಸು ಮೂರು ತಿಂಗಳು, ಅದು ಎಂದೋ ಮುಗಿದಿದೆ. ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು. ಹಾಕಿದ್ದರೆ ರದ್ದತಿಗೆ ಒಪ್ಪಿದ್ದೀರಿ ಎನ್ನುತ್ತಿದ್ದರು. ಮೂಲ ಚೆಕ್ಕನ್ನು ದಾವೆಯ ಜೊತೆ ಹಾಜರುಪಡಿಸಿ. ಸ್ವತ್ತು ವರ್ಗಾವಣೆ ಕಾಯ್ದೆಯ 55(6)(ಬಿ) ಕಲಮಿನಡಿ ಮುಂಗಡದ 8 ಲಕ್ಷಕ್ಕೂ ಬಡ್ಡಿಗೂ ಆ ಸೈಟಿನ ಮೇಲೆ ಋಣಭಾರ ಕೋರಿ, ಅದು ಮಾರಿದವರ ಮೂಲಕ ಬಂದವರ ಮೇಲೂ ನಡೆಯುತ್ತದೆ. ಅದಕ್ಕೆ ಕಾಲಮಿತಿ 12 ವರ್ಷ.